ಜೀಪು ಎತ್ತರಿಸಿದಿರಿ, ಶಾಫ್ಟ್ ನೋಡಿದಿರಾ?

ಮಳೆ ಕಡಿಮೆಯಾಗುತ್ತಿದ್ದಂತೆ ಕೊಡಚಾದ್ರಿ, ಮಾಂದಲ್‌ಪಟ್ಟಿಗಳ ದಾರಿಯಲ್ಲಿ ಜೀಪುಗಳ ಓಡಾಟ ಜೋರಾಗುತ್ತದೆ. ಈ ಮಾತನ್ನು ಅದಕ್ಕೂ ಮೊದಲೇ ಹೇಳಬೇಕು. ಜಿಪ್ಸಿಗೋ ಹಳೆಯ ಮಹೀಂದ್ರ ಜೀಪಿಗೋ ಉದ್ದನೆಯ ಶ್ಯಾಕಲ್ ಹಾಕಿ, ಇಲ್ಲವೇ ಸ್ಪ್ರಿಂಗ್ ಪ್ಲೇಟ್ ಸೇರಿಸಿ, ಎರಡು ಮೂರು ಇಂಚು ಎತ್ತರಿಸುವುದು ಕಷ್ಟದ ಕೆಲಸವಲ್ಲ. ದೊಡ್ಡ ಟೈರು ಕೂತ ಕೂಡಲೇ ಕೆಲಸ ಮುಗಿಯಿತೆಂದು ಗಾಡಿ ಹೊರಗೆ ಬರುತ್ತದೆ. ಸ್ಟೀರಿಂಗ್ ಮತ್ತು ಪ್ರೊಪೆಲ್ಲರ್ ಶಾಫ್ಟ್‌ನ ಕೋನ ಸರಿಪಡಿಸುವ ಕೆಲಸ ಹಾಗೇ ಉಳಿದಿರುತ್ತದೆ.

ಚಾಸಿಯ ಜೊತೆ ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್ ಮೇಲೇರುತ್ತವೆ. ಆಕ್ಸಲ್ ಇದ್ದಲ್ಲೇ ಇರುತ್ತದೆ. ನಡುವಿನ ಶಾಫ್ಟ್ ಕಡಿದಾಗಿ ಇಳಿಯುತ್ತದೆ. ಯುನಿವರ್ಸಲ್ ಜಾಯಿಂಟ್ ಓರೆಯಾಗಿ ತಿರುಗಿದಾಗ ಅದರ ವೇಗ ಒಂದೊಂದು ಸುತ್ತಿಗೂ ಎರಡು ಸಲ ಏರಿಳಿಯುತ್ತದೆ. 10 ಡಿಗ್ರಿಯಲ್ಲಿ ಈ ಏರಿಳಿತ ಶೇ. 1.5ರಷ್ಟು, 20 ಡಿಗ್ರಿಯಲ್ಲಿ ಶೇ. 6. ಎರಡೂ ತುದಿಯ ಜಾಯಿಂಟ್‌ಗಳ ಕೋನ ಸಮನಾಗಿದ್ದರೆ ಒಂದರ ಏರಿಳಿತವನ್ನು ಇನ್ನೊಂದು ಅಳಿಸುತ್ತದೆ. ಉದ್ದನೆಯ ಶ್ಯಾಕಲ್ ಆಕ್ಸಲ್ಲನ್ನೇ ತಿರುಗಿಸಿ ಆ ಸಮವನ್ನು ಕೆಡಿಸುತ್ತದೆ. ಜಾಯಿಂಟಿನ ಕ್ರಾಸ್‌ನ ಕಪ್ಪಿನ ಅಂಚಿನಲ್ಲಿ ಕೆಂಪು ತುಕ್ಕಿನ ಪುಡಿ ಕಂಡರೆ ಒಳಗೆ ಗ್ರೀಸ್ ಒಣಗಿ ಸೂಜಿ ಬೇರಿಂಗ್ ಸವೆಯುತ್ತಿದೆ ಎಂದರ್ಥ. ಅಲ್ಲಿಗೇ ಗಾಡಿ ನಿಲ್ಲಿಸಬೇಕು.

ಏಕೆಂದರೆ, ವಿಲ್ಲೀಸ್ ಮಾದರಿಯ ಹಳೆಯ ಜೀಪುಗಳಲ್ಲಿ ಹ್ಯಾಂಡ್ ಬ್ರೇಕಿನ ಡ್ರಮ್ ಚಕ್ರದಲ್ಲಿಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂದಿದೆ. ಟೂ ವ್ಹೀಲಿನಲ್ಲಿ ಇಳಿಜಾರು ಇಳಿಯುವಾಗ ಹಿಂದಿನ ಶಾಫ್ಟ್ ತುಂಡಾದರೆ ಎಂಜಿನ್ನಿನ ಹಿಡಿತ, ಹ್ಯಾಂಡ್ ಬ್ರೇಕ್ ಎರಡೂ ಒಟ್ಟಿಗೇ ಹೋಗುತ್ತವೆ. ಉಳಿಯುವುದು ಕಾಲ ಬ್ರೇಕ್ ಒಂದೇ. ಅದರ ಹೋಸನ್ನೂ ಎತ್ತರಕ್ಕೆ ತಕ್ಕಂತೆ ಉದ್ದ ಮಾಡಿರದಿದ್ದರೆ, ಚಕ್ರ ಗುಂಡಿಗೆ ಜೋತಾಗ ಅದೂ ಬಿಗಿದು ಎಳೆಯುತ್ತದೆ.

ಸ್ಟೀರಿಂಗಿನ ಮುನ್ಸೂಚನೆ ಬೇರೆ. ಡ್ರ್ಯಾಗ್ ಲಿಂಕ್ ಕಡಿದಾದಷ್ಟೂ ಪ್ರತಿ ಗುಂಡಿಯಲ್ಲೂ ಚಕ್ರ ತಾನಾಗಿ ಪಕ್ಕಕ್ಕೆ ಎಳೆಯುತ್ತದೆ. ಇದಕ್ಕೆ ಅಲೈನ್‌ಮೆಂಟ್ ಮಾಡಿಸಿ ಪ್ರಯೋಜನವಿಲ್ಲ. ಡ್ರಾಪ್ ಆರ್ಮ್ ಇಳಿಸಬೇಕು ಅಥವಾ ಲಿಂಕಿನ ಚಕ್ರದ ಕಡೆಯ ತುದಿಯನ್ನು ಮೇಲೆತ್ತಬೇಕು. ತಿರುವು ದಾಟಿದ ಮೇಲೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರದಿದ್ದರೆ ಕ್ಯಾಸ್ಟರ್, ಅಂದರೆ ಚಕ್ರ ತಿರುಗುವ ಅಕ್ಷದ ಹಿಂಬಾಗು, ಕಡಿಮೆಯಾಗಿದೆ. ಜಿಪ್ಸಿಯ ಮುಂದಿನ ಶ್ಯಾಕಲ್ ಸ್ಪ್ರಿಂಗಿನ ಮುಂತುದಿಯಲ್ಲಿರುವುದರಿಂದ ಅದನ್ನು ಉದ್ದ ಮಾಡಿದಷ್ಟೂ ಆಕ್ಸಲ್ ಮುಂದಕ್ಕೆ ಬಾಗುತ್ತದೆ. ಆಕ್ಸಲ್ ಮತ್ತು ಸ್ಪ್ರಿಂಗ್ ನಡುವೆ ಬೆಣೆಯಾಕಾರದ ಪ್ಯಾಕಿಂಗ್ ಕೊಟ್ಟರೆ ಕ್ಯಾಸ್ಟರ್ ಮರಳುತ್ತದೆ ನಿಜ, ಆದರೆ ಪಿನಿಯನ್ ಕೆಳಗೆ ಬಾಗಿ ಮುಂದಿನ ಶಾಫ್ಟಿನ ಕೋನ ಇನ್ನಷ್ಟು ಕೆಡುತ್ತದೆ. ಹೀಗಾಗಿ ಮುಂದಿನ ಆಕ್ಸಲ್‌ಗೆ ಅಂದಾಜಿನ ಕೆಲಸ ಸಲ್ಲದು. ಕ್ಯಾಸ್ಟರ್, ಶಾಫ್ಟಿನ ಕೋನ ಎರಡನ್ನೂ ಉಳಿಸಿಕೊಳ್ಳಲಾಗದಷ್ಟು ಎತ್ತರವಾಗಿದ್ದರೆ ಎತ್ತರ ತಗ್ಗಿಸುವುದೇ ಸರಿಯಾದ ರಿಪೇರಿ.

ಮುಂದಿನ ಶಾಫ್ಟ್ ಇನ್ನೂ ಮೋಸದ್ದು. ಮುಂಚಕ್ರಗಳ ಹಬ್ ಲಾಕ್ ಬಿಟ್ಟಿದ್ದರೆ ಅದು ತಿರುಗುವುದೇ ಇಲ್ಲ. ಊರಿನ ರಸ್ತೆಯಲ್ಲಿ ಸದ್ದಿಲ್ಲ, ನಡುಕವಿಲ್ಲ. ಫೋರ್ ವ್ಹೀಲ್ ಹಾಕಿ ಏರು ಹತ್ತುವಾಗ, ಜನ ತುಂಬಿರುವಾಗಲೇ ಅದರ ಪರೀಕ್ಷೆ.

ಕಂಪನಿಯ ಮೂಲ ವಿವರಕ್ಕೆ ವಿರುದ್ಧವಾದ ಮಾರ್ಪಾಡನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನಿರ್ಬಂಧಿಸಿದೆ. ಬಾಡಿಗೆಗೆ ಜನ ಕೂರಿಸುವ ಜೀಪನ್ನು ಎತ್ತರಿಸಲೇಬಾರದು. ಈಗಾಗಲೇ ಎತ್ತರಿಸಿದವರು ಸೀಸನ್‌ಗೆ ಮೊದಲು ಚಾಸಿಯನ್ನು ಜಾಕಿನಲ್ಲಿ ಎತ್ತಿ ಆಕ್ಸಲ್ ಪೂರ್ತಿ ಜೋತುಬೀಳಲು ಬಿಡಲಿ, ಚಾಸಿಯ ಕೆಳಗೆ ಸ್ಟ್ಯಾಂಡ್ ಕೊಡಲಿ, ಶಾಫ್ಟನ್ನು ಕೈಯಿಂದ ತಿರುಗಿಸಲಿ. ಎಲ್ಲಿಯಾದರೂ ಜಾಯಿಂಟ್ ಕಚ್ಚಿಕೊಂಡರೆ ಆ ಗಾಡಿ ಬೆಟ್ಟಕ್ಕೆ ಹೋಗಬಾರದು.