ಹಳೆಯ ಟಿಲ್ಲರ್ ಮತ್ತು ಹಿಂದಿನವರ ತೇಪೆ



ಮೂಡಿಗೆರೆ, ಕಳಸದ ಕಡೆ ಹಳೆಯ ಪವರ್ ಟಿಲ್ಲರುಗಳು ಕೈ ಬದಲಾಗುವುದನ್ನು ತಾವೆಲ್ಲ ನೋಡುತ್ತಿದ್ದೀರಿ. ಕಾರಣ ಗೊತ್ತಿದ್ದದ್ದೇ. ಗದ್ದೆಗೆ ಅಡಿಕೆ ಸಸಿ ಬಿದ್ದ ಮೇಲೆ ಉಳುವ ಯಂತ್ರಕ್ಕೆ ಮನೆಯಲ್ಲಿ ಕೆಲಸವಿಲ್ಲ. ಕೊಂಡವರು ಅದರ ಹಿಂದೆ ಟ್ರೈಲರ್ ಕಟ್ಟಿ ಗೊಬ್ಬರ, ಕಾಫಿ ಮೂಟೆ, ಅಡಿಕೆ ಗೊನೆ, ಸೌದೆ ಹೊರಿಸುತ್ತಾರೆ. ಬೆಂಗಳೂರಿನಲ್ಲಿ 1967ರಲ್ಲಿ ಜಪಾನಿನ ಮಿತ್ಸುಬಿಷಿಯವರ ಸಹಯೋಗದಿಂದ ವಿ.ಎಸ್.ಟಿ. ಕಂಪನಿ ಹುಟ್ಟಿದ ಮೇಲೆ ನಮ್ಮವರ ಕೆಸರುಗದ್ದೆಗೆ ಇಳಿದ ಯಂತ್ರ, ಈಗ ತೋಟದ ಇಳಿಜಾರಿನಲ್ಲಿ ಲಾರಿಯ ಕೆಲಸ ಮಾಡುತ್ತಿದೆ.

ಇಂಥ ಯಂತ್ರವನ್ನು ಕೊಂಡವರು ಕೆಟ್ಟದ್ದನ್ನು ಮಾತ್ರ ರಿಪೇರಿ ಮಾಡಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ಮೊದಲು ಬಿಚ್ಚಬೇಕಾದದ್ದು ಹಿಂದಿನವರು ರಿಪೇರಿ ಮಾಡಿದ್ದನ್ನು. ಬೈಂಡಿಂಗ್ ತಂತಿ, ಸೈಕಲ್ ಟ್ಯೂಬು, ಎಂ-ಸೀಲ್, ಗೋಣಿದಾರ ಇವು ಎಲ್ಲೆಲ್ಲಿ ಕಾಣುತ್ತವೆಯೋ ಅಲ್ಲೆಲ್ಲ ಒಂದು ಕಾಯಿಲೆ ಮುಚ್ಚಿಕೊಂಡು ಕೂತಿದೆ ಎಂದೇ ತಿಳಿಯಬೇಕು. ಕಾಂಡಕೊರಕ ಹೊಕ್ಕ ಅರೇಬಿಕಾ ಗಿಡದ ತೂತಿಗೆ ಮಣ್ಣು ಮೆತ್ತಿ ಬಿಡುತ್ತೇವೆಯೇ? ಕಿತ್ತು ಸುಡುತ್ತೇವೆ.

ಬೋಲ್ಟಿನ ವಿಷಯವನ್ನೇ ನೋಡಿ. ಟಿಲ್ಲರ್ ಜಪಾನಿನ ನಮೂನೆಯದು, ಅದರ ಬೋಲ್ಟುಗಳೆಲ್ಲ ಮಿಲಿಮೀಟರ್ ಲೆಕ್ಕದವು. ನಮ್ಮ ತೋಟದ ಹಳೆಯ ಲಿಸ್ಟರ್ ಇಂಜಿನ್, ಹಳೆಯ ಪಲ್ಪರುಗಳಲ್ಲಿರುವುದು ಇಂಚಿನ ಬೋಲ್ಟು. 8 ಮಿಲಿಮೀಟರಿನದೂ 5/16 ಇಂಚಿನದೂ ಕಣ್ಣಿಗೆ ಒಂದೇ; ದಪ್ಪದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ. ಆದರೆ ಮೊದಲನೆಯದರ ಥ್ರೆಡ್ಡಿನ ಎಳೆಗಳ ನಡುವಿನ ಅಂತರ ಸಾಮಾನ್ಯವಾಗಿ 1.25 ಮಿಲಿಮೀಟರ್, ಹಳೆಯ ಇಂಗ್ಲಿಷ್ ಬೋಲ್ಟಿನಲ್ಲಿ ಇಂಚಿಗೆ 18 ಎಳೆ, ಎಂದರೆ ಸುಮಾರು 1.41. ಎರಡು ಸುತ್ತು ಸಲೀಸಾಗಿ ಹೋಗಿ ಬಿಗಿಯಾಗುತ್ತದೆ. ಕೂತಿತೆಂದು ಪಾನಾ ಹಾಕಿ ತಿರುಚುತ್ತಾರೆ. ಒಳಗಿನ ಥ್ರೆಡ್ ಅಲ್ಲಿಗೇ ಹಾಳು. ಒಂದು ತಿಂಗಳಿಗೆ ಬೋಲ್ಟು ಸಡಿಲ, ಅದರ ಮೇಲೆ ತಂತಿ, ತಂತಿಯ ಮೇಲೆ ಎಂ-ಸೀಲ್. ಬೋಲ್ಟು ಕೈಬೆರಳಿನಲ್ಲಿ ಪೂರ್ತಿ ಇಳಿಯದಿದ್ದರೆ ಪಾನಾ ಮುಟ್ಟಬಾರದು. ಕೆಟ್ಟ ತೂತನ್ನು ಲೇತಿನವರಿಂದ ಸರಿಯಾಗಿ ಹೊಸದಾಗಿ ಥ್ರೆಡ್ ಹಾಕಿಸುವುದೇ ದಾರಿ.

ಏರ್ ಕ್ಲೀನರ್ ಕಳಚಿ ಇಂಜಿನ್ನಿನ ಬಾಯಿಗೆ ಬಟ್ಟೆ ಕಟ್ಟಿರುವುದನ್ನೂ ಕಂಡಿದ್ದೇನೆ. ಬೇಸಿಗೆಯ ಕೆಂಪು ಧೂಳು ಬಟ್ಟೆಯನ್ನು ದಾಟಿ ಒಳಗೆ ಹೋಗುತ್ತದೆ, ರಿಂಗು ಲೈನರುಗಳನ್ನು ಅರೆಯುತ್ತದೆ. ಬೆಳಿಗ್ಗೆ ಸ್ಟಾರ್ಟ್ ಆಗುವುದಿಲ್ಲವೆಂದು ದೂರುವ ಎಷ್ಟೋ ಇಂಜಿನ್ನುಗಳ ಚರಿತ್ರೆ ಇಷ್ಟೇ.

ಇವೆಲ್ಲ ಹಣದ ನಷ್ಟ, ತಡೆದುಕೊಳ್ಳಬಹುದು. ಸ್ಟಿಯರಿಂಗ್ ಕ್ಲಚ್ಚಿನ ತೇಪೆ ಹಾಗಲ್ಲ. ಸಮತಟ್ಟಿನಲ್ಲಿ ಎಡಗೈ ಕ್ಲಚ್ ಹಿಡಿದರೆ ಎಡ ಚಕ್ರಕ್ಕೆ ಶಕ್ತಿ ನಿಂತು ಗಾಡಿ ಎಡಕ್ಕೆ ತಿರುಗುತ್ತದೆ. ಭಾರ ಹೊತ್ತು ಇಳಿಯುವಾಗ ತಿರುಗಾಮುರುಗಾ: ಇಂಜಿನ್ನು ಹಿಡಿದಿಟ್ಟಿದ್ದ ಎಡ ಚಕ್ರ ಬಿಡುಗಡೆಯಾಗಿ, ಹಿಂದಿನ ಭಾರದ ನೂಕಿಗೆ ಮುಂದೋಡಿ ಗಾಡಿಯನ್ನು ಬಲಕ್ಕೆ ತಳ್ಳುತ್ತದೆ. ಪಳಗಿದವನಿಗೆ ಇದು ಗೊತ್ತು. ಆದರೆ ತುಂಡಾದ ಕೇಬಲ್ಲಿಗೆ ಗಂಟು ಹಾಕಿ ಬಿಗಿದಿದ್ದರೆ ಕ್ಲಚ್ ಅರ್ಧ ಬಿಟ್ಟ ಸ್ಥಿತಿಯಲ್ಲೇ ಇರುತ್ತದೆ, ಕೈ ಮುಟ್ಟದೆಯೇ ಇಳಿಜಾರಿನಲ್ಲಿ ಹಾರಿಬಿಡಬಹುದು. ಒಂದು ಕಡೆ ಧರೆ, ಇನ್ನೊಂದು ಕಡೆ ಹಳ್ಳ. ಎಷ್ಟು ಪಳಗಿದವನಾದರೇನು ಮಾಡಿಯಾನು? ಟ್ರೈಲರ್ ಪಿನ್ನಿನ ಜಾಗದಲ್ಲಿ ಮನೆ ಕಟ್ಟುವ ಕಂಬಿಯ ತುಂಡು, ಬ್ರೇಕಿನ ಸರಳಿಗೆ ಬದಲಾಗಿ ಹಗ್ಗ ಇದ್ದರಂತೂ ಅಂಥ ಗಾಡಿಯನ್ನು ಅಂಗಳ ದಾಟಿಸಕೂಡದು. ಸೀಟಿನಲ್ಲಿ ಕೂರುವವನು ಬಹುತೇಕ ಮಾಲೀಕನಲ್ಲ, ಕೂಲಿಗೆ ಬಂದ ಹುಡುಗ. ಮೂಟೆಗಳ ಮೇಲೆ ಹೆಂಗಸರೂ ಹತ್ತಿ ಕೂತಿರುತ್ತಾರೆ. (ಇದೂ ಕೂಡದು, ಆದರೆ ನಡೆಯುತ್ತಿದೆ.)

ಹಿಂದಿನವರನ್ನು ಬೈಯುವುದು ನನ್ನ ಉದ್ದೇಶವಲ್ಲ. ಆಷಾಢದ ಮಳೆಯಲ್ಲಿ, ರಸ್ತೆಗೆ ಮರ ಬಿದ್ದು ಪೇಟೆಯ ದಾರಿ ಮುಚ್ಚಿದ ದಿನ, ತಂತಿ ಸುತ್ತಿ ಗಾಡಿಯನ್ನು ಮನೆ ಮುಟ್ಟಿಸಿದವನು ಜಾಣನೇ. ಮಳೆ ನಿಂತ ಮೇಲೂ ಅದೇ ತಂತಿ ಮೂರು ವರ್ಷ ಇದ್ದದ್ದು, ಮಾರುವಾಗ ಅದರ ಮೇಲೆ ಹಸಿರು ಬಣ್ಣ ಬಳಿದದ್ದು ನನಗೆ ಒಪ್ಪಿಗೆಯಿಲ್ಲ.

"ಹಳೇ ಗಾಡಿಗೆ ಅಷ್ಟು ದುಡ್ಡು ಸುರಿಯಬೇಕೆ?" ಎಂದು ಕೇಳುವವರಿದ್ದಾರೆ. ಎಲ್ಲವನ್ನೂ ಒಂದೇ ವರ್ಷ ಮಾಡಬೇಕೆಂದಿಲ್ಲ. ಬ್ರೇಕು, ಪಿನ್ನು, ಕ್ಲಚ್ ಕೇಬಲ್ ಈ ಮೂರು ಕೊಂಡ ವಾರದಲ್ಲೇ ಆಗಲಿ. ಏರ್ ಕ್ಲೀನರ್ ಧೂಳೇಳುವ ಮುಂಚೆ. ಸೋರುವ ರೇಡಿಯೇಟರ್, ಬಣ್ಣ, ದೀಪ, ಇವು ಕಾಫಿ ಕೊಯ್ಲಿನ ಹಣ ಬಂದ ಮೇಲೆ ಆದೀತು. ಬೆಲ್ಟು ಮಾತ್ರ ಒಂದು ಹರಿದರೂ ಜೊತೆಯವನ್ನೆಲ್ಲ ಒಟ್ಟಿಗೆ ಬದಲಿಸಿ. ಹಳತರ ನಡುವಿನ ಒಂದು ಹೊಸದು ಎಲ್ಲರ ಭಾರವನ್ನೂ ತಾನೇ ಹೊತ್ತು ಬೇಗ ಸಾಯುತ್ತದೆ.

ನಮ್ಮ ಸಂಘದ ಮಳಿಗೆಯಲ್ಲಿ ಸುಣ್ಣ, ಮೈಲುತುತ್ತದ ಪಕ್ಕದಲ್ಲಿ ಮಿಲಿಮೀಟರ್ ಬೋಲ್ಟಿನ ಒಂದು ಪೆಟ್ಟಿಗೆ, ಟಿಲ್ಲರ್ ಕೇಬಲ್ಲು, ಟ್ರೈಲರ್ ಪಿನ್ನು ಇಡಲು ದೊಡ್ಡ ಬಂಡವಾಳವೇನೂ ಬೇಡ. ಬೇಕಾದ ವಸ್ತು ಹತ್ತಿರದಲ್ಲಿ ಸಿಗದಿದ್ದಾಗಲೇ ತಂತಿ ಕೈಗೆ ಬರುವುದು. ಮುಂದಿನ ಮಹಾಸಭೆಯಲ್ಲಿ ಈ ಸಲಹೆಯನ್ನು ಮಂಡಿಸಲಿದ್ದೇನೆ. ಟಿಲ್ಲರ್ ಇರುವ ಸದಸ್ಯರು ತಮಗೆ ಪದೇ ಪದೇ ಬೇಕಾಗುವ ಬಿಡಿಭಾಗಗಳ ಪಟ್ಟಿಯನ್ನು ಅಷ್ಟರೊಳಗೆ ಕಚೇರಿಗೆ ತಲುಪಿಸಬೇಕಾಗಿ ವಿನಂತಿ.