ಹುಸಿಮೀನು

ಬೆಂಗಳೂರಿನಿಂದ ಹೊರಟ ಹೆದ್ದಾರಿಯು ನಮ್ಮ ನೆಲಮಂಗಲದಲ್ಲಿ ಕವಲೊಡೆಯುತ್ತದೆ. ಒಂದು ತುಮಕೂರಿನತ್ತ ಸಾಗಿದರೆ, ಇನ್ನೊಂದು ಕುಣಿಗಲ್, ಹಾಸನ, ಸಕಲೇಶಪುರಗಳನ್ನು ಹಾದು, ಶಿರಾಡಿ ಘಟ್ಟವನ್ನಿಳಿದು ಮಂಗಳೂರಿನ ಕಡೆಗೆ ಹೋಗುತ್ತದೆ. ಈ ಎರಡನೆಯ ದಾರಿಯನ್ನು ಹಿಡಿಯುವವರಲ್ಲಿ ದೇವರ ದರ್ಶನಕ್ಕೆ ಹೊರಟವರುಂಟು, ಮದುವೆಗೆ ಹೊರಟವರುಂಟು. ಗಾಳದ ಕೋಲನ್ನು ಕಾರಿನೊಳಗೆ ಓರೆಯಾಗಿ ಮಲಗಿಸಿಕೊಂಡು ಹೊರಟವರೂ ಉಂಟು. ಮುನ್ನೂರು ಕಿಲೋಮೀಟರಿಗೂ ಮಿಕ್ಕ ಹಾದಿಯನ್ನು ಸವೆಸಿ ಕಡಲ ಮುಂದೆ ನಿಲ್ಲುವ ಇವರಿಗೆ ಮೀನು ಹೊಟ್ಟೆಪಾಡಲ್ಲ, ವಿನೋದ.

ಬಯಲುಸೀಮೆಯವರಿಗೆ ಇದೆಂತಹ ಹುಚ್ಚೆಂದು ಮೂಗುಮುರಿಯಬೇಕಾಗಿಲ್ಲ. ಈ ಹುಚ್ಚಿಗೆ ರಾಜಮರ್ಯಾದೆಯೇ ಇದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ‘ಮತ್ಸ್ಯವಿನೋದ’ಕ್ಕೆಂದೇ ಒಂದು ಪ್ರಕರಣವಿದೆ. ಅವನ ರಾಜಧಾನಿಯೂ ನಮ್ಮ ಊರಿನಂತೆ ಒಳನಾಡಿನದೇ. ಆದರೂ ಆತನು ಸುಮಾರು 35 ಬಗೆಯ ಮೀನುಗಳನ್ನು ಹೆಸರಿಸಿ, ಕಡಲಿನವು ಯಾವುವು, ಹೊಳೆಯವು ಯಾವುವು ಎಂದು ವಿಂಗಡಿಸಿ, ಯಾವುದಕ್ಕೆ ಎಂತಹ ಉಣಿಸನ್ನು ಒಡ್ಡಬೇಕೆಂಬುದನ್ನು ವಿವರಿಸಿದ್ದಾನೆ. ಮೊದಲು ಮೀನನ್ನು ಅರಿ, ಆಮೇಲೆ ಗಾಳವನ್ನು ಹಿಡಿ ಎಂಬುದೇ ಆ ಕ್ರಮದ ತಿರುಳು.

ಇಂದಿನ ವಿನೋದಿಗಳು ನಡೆಯುವುದು ಇದಕ್ಕೆ ತಲೆಕೆಳಗಾಗಿ. ಸಿಗಡಿಯನ್ನೋ ಹುಳುವನ್ನೋ ಚುಚ್ಚುವ ಬದಲು ಮರ, ಲೋಹ, ಪ್ಲಾಸ್ಟಿಕ್, ರಬ್ಬರುಗಳಿಂದ ಮಾಡಿದ ಹುಸಿಮೀನನ್ನು ದಾರದ ತುದಿಗೆ ಕಟ್ಟುವುದು ಈಗ ವಾಡಿಕೆ. ಅಂಗಡಿಯವರು ಇದನ್ನು ‘ಲ್ಯೂರ್’ ಎನ್ನುತ್ತಾರೆ. ಅಂಗಡಿಯ ಗೋಡೆಯ ಮೇಲೆ ಸಾಲಾಗಿ ತೂಗುವ ಗುಲಾಬಿ, ಹಳದಿ, ಮಿಂಚುಹಸಿರು ಬಣ್ಣದ ಲ್ಯೂರುಗಳನ್ನು ಕಂಡರೆ ಜಾತ್ರೆಯ ಬಳೆಯಂಗಡಿಯ ನೆನಪಾಗುತ್ತದೆ. ಕೊಳ್ಳುವವರು ತಮ್ಮ ಕಣ್ಣಿಗೆ ಚೆಂದವಾದುದನ್ನು ಆರಿಸಿ, ತಿಂಗಳ ಸಂಬಳದಲ್ಲೊಂದು ಪಾಲನ್ನು ಅಲ್ಲಿಯೇ ಇಳಿಸಿ ಬರುತ್ತಾರೆ. ಮೀನಿಗೆ ಮುಂಚೆ ಮನೆಯ ಯಜಮಾನರೇ ಗಾಳವನ್ನು ಕಚ್ಚಿದಂತಾಯಿತು!

ಒಳ್ಳೆಯ ಹುಸಿಮೀನು ಹುಟ್ಟಿದ ಕತೆಯೇ ಬೇರೆ. ಫಿನ್ಲೆಂಡಿನ ಲೌರಿ ರಪಾಲ ಎಂಬಾತ ಮೀನು ಹಿಡಿದು ಬದುಕುತ್ತಿದ್ದ ಬಡವ. ಸರೋವರದಲ್ಲಿ ದೊಡ್ಡ ಮೀನು ಸಣ್ಣ ಮೀನುಗಳ ಹಿಂಡಿನ ಮೇಲೆರಗುವಾಗ, ಗಾಯಗೊಂಡು ಓಲಾಡುತ್ತ ಈಜುವ ಮೀನನ್ನೇ ಆರಿಸಿ ನುಂಗುವುದನ್ನು ಆತ ಗಮನಿಸಿದ. 1936ರಲ್ಲಿ ಬಿರಡೆಯ ಮರವನ್ನು ಕೆತ್ತಿ, ಚಾಕಲೇಟಿಗೆ ಸುತ್ತಿ ಬರುವ ಬೆಳ್ಳಿಕಾಗದವನ್ನು ಹೊದಿಸಿ, ಅದೇ ಓಲಾಟವನ್ನು ತನ್ನ ಹುಸಿಮೀನಿಗೆ ಕಲಿಸಿದನಂತೆ. ಇಂದು ಲೋಕವೆಲ್ಲ ಬಲ್ಲ ಆ ಹೆಸರಿನ ಬೆನ್ನಿಗಿರುವುದು ಬಣ್ಣವಲ್ಲ, ನೋಟ.

ನಮ್ಮ ಕರಾವಳಿಯಲ್ಲೂ ಈ ನೋಟವೇ ದಾರಿ ತೋರಬೇಕು. ಅಂಜಲ್ ಮೀನು ವೇಗದ ಬೇಟೆಗಾರ. ಬೂತಾಯಿ, ಬಂಗುಡೆಗಳಂತಹ ಮೀನುಗಳ ಹಿಂಡನ್ನು ಅಟ್ಟಿಕೊಂಡು ಹೋಗುವುದು ಅದರ ಸ್ವಭಾವ. ಅದಕ್ಕೆ ಬೆಳ್ಳಿಯಂತೆ ಹೊಳೆಯುವ, ನೀಳವಾದ ಹುಸಿಮೀನನ್ನು ರಭಸವಾಗಿ ಎಳೆಯಬೇಕು. ಅದರ ಹಲ್ಲು ಕತ್ತರಿಯಂತಹುದಾದ್ದರಿಂದ ಗಾಳದ ಬಳಿ ಒಂದು ಗೇಣು ಉಕ್ಕಿನ ತಂತಿ ಅವಶ್ಯ. ಕಾಣೆ ಮೀನಾದರೋ ಮರಳಿನ ತಳದಲ್ಲಿ ಹುಳುಹುಪ್ಪಟೆಗಳನ್ನು ಹೆಕ್ಕಿ ತಿನ್ನುವ ಕಿರುಬಾಯಿಯ ಪ್ರಾಣಿ. ಅದರ ಮುಂದೆ ಗೇಣುದ್ದದ ಬಣ್ಣದ ಬೊಂಬೆಯನ್ನು ಕುಣಿಸಿ ಫಲವೇನು? ಚಿಕ್ಕ ಗಾಳ, ನಿಜವಾದ ಎರೆ, ಅಷ್ಟೇ ಸಾಕು.

ಹುಸಿಮೀನಿನ ಮೂತಿಯಲ್ಲಿರುವ ಚಪ್ಪಟೆಯಾದ ತುಟಿಯನ್ನೂ ಗಮನಿಸಬೇಕು. ಎಳೆದಾಗ ನೀರು ಆ ತುಟಿಯನ್ನೊತ್ತಿ ಅದನ್ನು ಕೆಳಕ್ಕೆ ಮುಳುಗಿಸುತ್ತದೆ. ತುಟಿ ಉದ್ದವಾಗಿ ಮುಂದಕ್ಕೆ ಚಾಚಿದ್ದರೆ ಆಳಕ್ಕಿಳಿಯುತ್ತದೆ, ಗಿಡ್ಡವಾಗಿದ್ದರೆ ಮೇಲೆಯೇ ಈಜುತ್ತದೆ. ಬಂಡೆಗಳ ನಡುವಿನ ತೆಳುನೀರಿಗೆ ಆಳಕ್ಕಿಳಿಯುವುದನ್ನು ಎಸೆದರೆ ಅದು ಕಲ್ಲಿಗೆ ಸಿಕ್ಕಿ ಕಡಲ ಪಾಲಾಗುವುದು ಖಂಡಿತ. ಇನ್ನು ಬಣ್ಣದ ಮಾತು: ನೀರಿನಲ್ಲಿ ಮೊದಲು ಮಾಸುವುದು ಕೆಂಪು. ಕೆಲವು ಮೀಟರುಗಳ ಆಳದಲ್ಲಿ ನಮ್ಮ ಕುಂಕುಮಗೆಂಪು ಬರಿಯ ಕಪ್ಪು. ಮಳೆಯ ಬಳಿಕ ನೇತ್ರಾವತಿ, ಶರಾವತಿಗಳ ಅಳಿವೆಗಳಲ್ಲಿ ನೀರು ಕದಡಿದಾಗ ಬಣ್ಣಕ್ಕಿಂತ ಅಲುಗಾಟವೇ ಮೇಲು. ಮೀನು ತನ್ನ ಮೈಪಕ್ಕದ ರೇಖೆಯಿಂದ ನೀರಿನ ಕಂಪನವನ್ನು ಅರಿಯಬಲ್ಲದು.

ಇಷ್ಟನ್ನೂ ಕಲಿತವರು ಮರೆಯಬಾರದ ಮಾತುಗಳು ಇನ್ನೆರಡಿವೆ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ. ಮೀನು ಮರಿಯಿಡುವ ಕಾಲವದು. ಕಡಲು ಕೆರಳುವ ಕಾಲವೂ ಅದೇ. ಕಡಲನ್ನೇ ಹೊಲವೆಂದು ನಂಬಿದವರು ದೋಣಿಯನ್ನು ದಡಕ್ಕೆಳೆದು ಕುಳಿತಿರುವಾಗ, ಆಟಕ್ಕೆ ಬಂದವರು ಪಾಚಿಗಟ್ಟಿದ ಬಂಡೆಯ ತುದಿಯಲ್ಲಿ ನಿಲ್ಲುವುದು ಶೌರ್ಯವಲ್ಲ. ಹಿಂದಿನ ಹತ್ತು ಅಲೆಗಳು ಬಂಡೆಯ ಬುಡವನ್ನಷ್ಟೇ ತೋಯಿಸಿದುವೆಂದು ಹನ್ನೊಂದನೆಯದೂ ಹಾಗೆಯೇ ಇರಬೇಕೆಂಬ ನಿಯಮವಿಲ್ಲ. ಮನೆಯಲ್ಲಿ ದಾರಿ ಕಾಯುವವರಿಗೆ ಮೀನಿಗಿಂತ ಮನುಷ್ಯ ಮುಖ್ಯ.

ಎರಡನೆಯದು, ಹಿಡಿದುದೆಲ್ಲ ಬುಟ್ಟಿಗಲ್ಲ. ಗಾಳದ ಹಿಮ್ಮುಳ್ಳನ್ನು ಇಕ್ಕಳದಿಂದ ಅದುಮಿಟ್ಟುಕೊಂಡರೆ, ಎಳೆಯ ಮೀನನ್ನು ಹೆಚ್ಚು ಗಾಯವಿಲ್ಲದೆ ಬಿಡಿಸಬಹುದು. ಒದ್ದೆ ಕೈಯಲ್ಲಿ ಹಿಡಿದು ಒಡನೆಯೇ ನೀರಿಗೆ ಬಿಟ್ಟರೆ ಅದು ಬೆಳೆದು ಮುಂದೆ ಬಲೆಯವನ ಮನೆಯ ಗಂಜಿಗೂ ಆದೀತು.

ಆದುದರಿಂದ, ಈ ದಾರಿಯಲ್ಲಿ ಹೊರಡುವ ಗೆಳೆಯರಿಗೆ ಒಂದು ಬಿನ್ನಹ. ಕಡಲ ದಡವನ್ನು ಸೇರಿದೊಡನೆ ಪೆಟ್ಟಿಗೆಯನ್ನು ಬಿಚ್ಚಬೇಡಿ. ಒಂದು ಗಳಿಗೆ ಸುಮ್ಮನೆ ನಿಂತು, ಹಕ್ಕಿಗಳು ಎಲ್ಲಿ ಎರಗುತ್ತಿವೆ, ಉಬ್ಬರವೋ ಇಳಿತವೋ, ನೀರು ತಿಳಿಯೋ ಕದಡೋ ನೋಡಿ. ದಡದಲ್ಲಿ ಬಲೆಯನ್ನು ಹೆಣೆಯುತ್ತ ಕುಳಿತ ಹಿರಿಯರೊಬ್ಬರನ್ನು, “ಈ ಹೊತ್ತು ಬಲೆಗೆ ಏನು ಬಿತ್ತು ಅಣ್ಣಾ?” ಎಂದು ವಿನಯದಿಂದ ಕೇಳಿ. ಅವರು ಹೇಳಿದ ಮೀನಿನ ಗಾತ್ರಕ್ಕೂ ಹೊಳಪಿಗೂ ಹತ್ತಿರವಾದುದು ನಿಮ್ಮ ಪೆಟ್ಟಿಗೆಯಲ್ಲಿದ್ದರೆ, ಅದನ್ನೇ ಕಟ್ಟಿ.