ಬಿಸಿಲು ಕಾಣದ ಕಣ್ಣು

ಸೀಸಿಯಂ ಎಂಬ ಲೋಹ ಸುಮಾರು 28.5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಮುಂಬೈ, ಚೆನ್ನೈಗಳ ಸೆಖೆ ಸಾಕು, ಮುಚ್ಚಿದ ಗಾಜಿನ ಕೊಳವೆಯೊಳಗೇ ಅದು ದ್ರವವಾಗಿಬಿಡುತ್ತದೆ. ನೀರು ಸೋಕಿದರೆ ಸಿಡಿಯುತ್ತದೆ, ಗಾಳಿ ತಾಗಿದರೆ ತಾನಾಗಿಯೇ ಹೊತ್ತಿಕೊಳ್ಳಬಲ್ಲದು. ಸೋಡಿಯಂ, ಪೊಟ್ಯಾಸಿಯಂಗಳ ಕ್ಷಾರಲೋಹ ಮನೆತನದ ಮುಂಗೋಪಿ ಇದು. ಇಂಥದ್ದನ್ನು ಗಂಧಕದ ದಾಯಾದಿಯಾದ ಟೆಲ್ಲೂರಿಯಂ ಜತೆ ಸೇರಿಸಿದರೆ ಸೀಸಿಯಂ ಟೆಲ್ಲೂರೈಡ್ ಎಂಬ ಅರೆವಾಹಕ ಹುಟ್ಟುತ್ತದೆ. ಎರಡು ಸೀಸಿಯಂ ಪರಮಾಣುಗಳಿಗೆ ಒಂದು ಟೆಲ್ಲೂರಿಯಂ, ಇದು ಅದರ ಲೆಕ್ಕ.

ಅರೆವಾಹಕ ಎಂದರೆ ನಮಗೆ ನೆನಪಾಗುವುದು ಮೊಬೈಲಿನ ಸಿಲಿಕಾನ್ ಚಿಪ್. ಇದರ ಕಸುಬು ಬೇರೆ. ಬೆಳಕು ಬಿದ್ದಾಗ ಎಲೆಕ್ಟ್ರಾನನ್ನು ಹೊರಕ್ಕೆ ಚಿಮ್ಮಿಸುವುದು ಇದರ ಕೆಲಸ. ಒಳಗಿನ ಎಲೆಕ್ಟ್ರಾನ್ ಬಂಧನದಿಂದ ಬಿಡಿಸಿಕೊಳ್ಳಲು ಸುಮಾರು 3.3 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು. ಆಮೇಲೆ ಹೊಸ್ತಿಲು ದಾಟಿ ಹೊರಬರಲು ಇನ್ನೊಂದು 0.2. ಒಟ್ಟು 3.5. ನಮ್ಮ ಕಣ್ಣಿಗೆ ಕಾಣುವ ಬೆಳಕಿನಲ್ಲಿ ಅತಿ ಬಲವಾದ ನೇರಳೆಯ ಕಣಕ್ಕೂ ಇರುವುದು ಸುಮಾರು 3.1 ಮಾತ್ರ. ಹಾಗಾಗಿ ಕೆಂಪು, ಹಸಿರು, ನೀಲಿ ಎಷ್ಟೇ ಸುರಿದರೂ ಈ ಪದರ ಹೆಚ್ಚುಕಡಿಮೆ ಕುರುಡು. ಸುಮಾರು 350 ನ್ಯಾನೋಮೀಟರಿಗಿಂತ ಕಿರಿದಾದ ನೇರಳಾತೀತ ಅಲೆ ಬಂದಾಗಷ್ಟೇ ಅದು ಕಣ್ಣು ಬಿಡುತ್ತದೆ. ಇಂಥ ಪದರಗಳನ್ನು ತಜ್ಞರು 'ಸೋಲಾರ್ ಬ್ಲೈಂಡ್' ಎನ್ನುತ್ತಾರೆ.

ಕುರುಡುತನವೇ ಇಲ್ಲಿ ಯೋಗ್ಯತೆ. ಬಹುಪಾಲು ನಕ್ಷತ್ರಗಳು ಕಾಣುವ ಬೆಳಕನ್ನು ಧಾರಾಳವಾಗಿ ಚೆಲ್ಲುತ್ತವೆ, ನೇರಳಾತೀತವನ್ನು ಜಿಪುಣತನದಿಂದ. ಎಲ್ಲವನ್ನೂ ನೋಡುವ ಕಣ್ಣಿಗೆ ಸಂತೆಯ ಗದ್ದಲದಲ್ಲಿ ಪಿಸುಮಾತು ಕೇಳಿಸಿಕೊಳ್ಳುವ ಪಾಡು. ಅದಕ್ಕೇ 2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟಾದಿಂದ ಹಾರಿದ ಆಸ್ಟ್ರೋಸ್ಯಾಟ್ ಉಪಗ್ರಹದ ನೇರಳಾತೀತ ದೂರದರ್ಶಕದಲ್ಲಿ, 200ರಿಂದ 300 ನ್ಯಾನೋಮೀಟರ್‌ವರೆಗಿನ ವಿಭಾಗಕ್ಕೆ ಈ ಪದರವನ್ನೇ ಆರಿಸಿಕೊಂಡರು. ಪತ್ತೆ ಸಾಧನಗಳು ಬಂದದ್ದು ಕೆನಡಾದಿಂದ. ದೂರದರ್ಶಕವನ್ನು ಜೋಡಿಸಿದ್ದು ನಮ್ಮ ಹೊಸಕೋಟೆಯಲ್ಲಿ, ಭಾರತೀಯ ಖಭೌತ ಸಂಸ್ಥೆಯ ಪ್ರಯೋಗಾಲಯದಲ್ಲಿ.

ಇನ್ನು ಬಾಳಿಕೆಯ ಮಾತು. ನನಗೆ ಈ ವಸ್ತುವಿನಲ್ಲಿ ಎಲ್ಲಕ್ಕಿಂತ ಕುತೂಹಲ ಹುಟ್ಟಿಸಿದ್ದು ಅದೇ. ಪದರದ ದಪ್ಪ ಕೆಲವೇ ಹತ್ತು ನ್ಯಾನೋಮೀಟರ್. ಆಮ್ಲಜನಕ ತಗುಲಿದರೆ ಸೀಸಿಯಂ ಅದರ ಕಡೆಗೆ ವಾಲುತ್ತದೆ, ಎಲೆಕ್ಟ್ರಾನ್ ಚಿಮ್ಮುವುದು ಕುಸಿಯುತ್ತದೆ. ಬಾಹ್ಯಾಕಾಶದಲ್ಲಿ ಗಾಳಿಯೇ ಇಲ್ಲವಲ್ಲ ಎನ್ನಬಹುದು. ಆದರೆ ಅಲ್ಲಿಗೆ ಹೋಗುವ ಮೊದಲು ಅದು ಭೂಮಿಯ ಮೇಲೆ ವರ್ಷಗಟ್ಟಲೆ ಕಾಯಬೇಕು. ಆದ್ದರಿಂದ ತಯಾರಾದ ಕ್ಷಣದಿಂದಲೇ ಅದನ್ನು ಕಿಟಕಿಯುಳ್ಳ ನಿರ್ವಾತ ಕೊಳವೆಯಲ್ಲಿ ಮೊಹರು ಮಾಡಿಡುತ್ತಾರೆ.

ಕಣವೇಗವರ್ಧಕಗಳಲ್ಲಿ ಈ ಅನುಕೂಲವೂ ಇಲ್ಲ. ಜರ್ಮನಿಯ ಹ್ಯಾಂಬರ್ಗ್ ಬಳಿಯ ಯುರೋಪಿಯನ್ ಎಕ್ಸ್‌ಫೆಲ್ ಯಂತ್ರದಲ್ಲಿ ನೇರಳಾತೀತ ಲೇಸರ್ ಈ ಪದರಕ್ಕೆ ಬಡಿದು ಎಲೆಕ್ಟ್ರಾನ್ ಗೊಂಚಲುಗಳನ್ನು ಎಬ್ಬಿಸುತ್ತದೆ. ಪದರ ತೆರೆದೇ ಇರಬೇಕು, ಕಾಪಾಡುವುದು ಅತ್ಯುಚ್ಚ ನಿರ್ವಾತವೊಂದೇ. ದೆಹಲಿಯ ಇಂಟರ್ ಯೂನಿವರ್ಸಿಟಿ ಆಕ್ಸಿಲರೇಟರ್ ಸೆಂಟರಿನ ಡೆಲ್ಲಿ ಲೈಟ್ ಸೋರ್ಸ್ ಯೋಜನೆಯಲ್ಲೂ ತಾಮ್ರದ ಜತೆ ಇದರ ಹೆಸರಿದೆ. ತಾಮ್ರ ಗಟ್ಟಿಮುಟ್ಟು, ಆದರೆ ಹತ್ತು ಸಾವಿರ ಬೆಳಕಿನ ಕಣ ಬಿದ್ದರೆ ಅದು ಕೊಡುವುದು ಒಂದು ಎಲೆಕ್ಟ್ರಾನೋ, ಅದಕ್ಕೂ ಕಡಿಮೆಯೋ. ಹೊಸ ಸೀಸಿಯಂ ಟೆಲ್ಲೂರೈಡ್ ಪದರ ಹತ್ತು ಕಣಕ್ಕೇ ಒಂದು ಕೊಡಬಲ್ಲದು.

ಹಾಗಾದರೆ ಇದು ಬಾಳುವ ವಸ್ತುವೋ, ಬಾಳದ್ದೋ? ಗಾಳಿಯಲ್ಲಿ ಕೇಳಿದರೆ ಬಾಳದ್ದು. ಒಳ್ಳೆಯ ನಿರ್ವಾತದಲ್ಲಿ ಹ್ಯಾಂಬರ್ಗಿನಲ್ಲಿ ಒಂದೇ ಪದರ ಸಾವಿರ ದಿನಕ್ಕೂ ಹೆಚ್ಚು ದುಡಿದಿದೆ. ಹಸಿರು ಬೆಳಕಿಗೆ ಸ್ಪಂದಿಸುವ ಆಂಟಿಮನಿ ಪದರಗಳು ಇದಕ್ಕಿಂತ ಸುಕುಮಾರಿಯರು. ಸ್ವಲ್ಪ ಕೆಟ್ಟ ಸೀಸಿಯಂ ಟೆಲ್ಲೂರೈಡನ್ನು ಬಿಸಿ ಮಾಡಿ ನೇರಳಾತೀತ ಬೆಳಕು ಬೀರಿದರೆ ಒಂದಿಷ್ಟು ಚೇತರಿಸಿಕೊಳ್ಳುವುದೂ ಉಂಟು.

ಪದರ ಬಾಳಿದರಷ್ಟೇ ಸಾಲದು ಎಂಬುದನ್ನೂ ಹೇಳಬೇಕು. ಆಸ್ಟ್ರೋಸ್ಯಾಟ್‌ನ ಆ 200–300ರ ವಿಭಾಗ 2018ರಲ್ಲಿ ಕೆಲಸ ನಿಲ್ಲಿಸಿತು, ಇನ್ನೂ ಕಿರಿದಾದ ಅಲೆಗಳ ವಿಭಾಗ ಮುಂದುವರಿಯಿತು. ಕಕ್ಷೆಗೆ ಹೋದ ಮೇಲೆ ರಿಪೇರಿಯವರನ್ನು ಕರೆಯುವಂತಿಲ್ಲ. ಪದರ, ಕೊಳವೆ, ವಿದ್ಯುತ್ತು, ತಂತಿ ಎಲ್ಲವೂ ಒಟ್ಟಿಗೆ ಬಾಳಬೇಕು.

ಹೊಸ ವಸ್ತುವೊಂದರ ಸುದ್ದಿ ಬಂದಾಗಲೆಲ್ಲ ಪತ್ರಿಕೆಗಳಲ್ಲಿ ದಕ್ಷತೆಯ ಅಂಕಿ ದಪ್ಪಕ್ಷರದಲ್ಲಿ ಇರುತ್ತದೆ. ನಾನೀಗ ಅದರ ಕೆಳಗೆ ಇನ್ನೆರಡು ಅಂಕಿ ಹುಡುಕುತ್ತೇನೆ: ಯಾವ ವಾತಾವರಣದಲ್ಲಿ, ಎಷ್ಟು ದಿನ? ಅವೆರಡೂ ಇಲ್ಲದಿದ್ದರೆ ಆ ಸುದ್ದಿ ಅರ್ಧವೇ.